ಕಪ್ಪೆಯ ತವರುಮನೆ

ಎರ್ರಗುಟ್ಟಹಳ್ಳಿ, ಕ್ಯಾಸಂಬಳ್ಳಿ ಹೋಬಳಿ
೧೪-೬-೧೯೮೬

ಬಂಗಾರಪೇಟೆಯ ಐಸ್ ಫ್ಯಾಕ್ಟರಿಯ ಮಾಲೀಕರೂ, ನನ್ನ ಒಬ್ಬಳೇ ಅಕ್ಕನ ಯಜಮಾನರೂ ಆದ ರಾಮಚಂದ್ರಪ್ಪ ಭಾವನವರಿಗೆ ಸೊಣ್ಣಪ್ಪನ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ತಾವೂ ಕ್ಷೇಮವಾಗಿರಬೇಕೆಂಬುದು ನನ್ನ ಮನಃಪೂರ್ವಕ ಹಾರೈಕೆ. ಕಾಯಿಲೆ ಬಿದ್ದ ಮನುಷ್ಯನ ಮೇಲೆ ಸೇಡು ತೀರಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ವಿಷಯ ಇಷ್ಟು. ಮೇ ಇಪ್ಪತ್ತೇಳಕ್ಕೆ ನಮ್ಮೂರಿಗೆ ಮೊದಲ ಮಳೆ ಬಂತು. ಗುಟ್ಟೆಯ ಕೆಳಗಿನ ಕುಂಟೆಯಲ್ಲಿ ಮೊಣಕಾಲುದ್ದ ನೀರು ನಿಂತಿತು. ನಾನು ಕಂಬಳಿ ಹೊದ್ದು, ಮನೆಯ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಿ ಕಟ್ಟೆಯ ಮೇಲೆ ಹಾಕಿಕೊಂಡು ಕೂತೆ. ಉರಿಗಾಂನಲ್ಲಿ ಗಣಿಯ ಕಂಪ್ರೆಸರ್ ಮಗ್ಗುಲಲ್ಲಿ ಇಪ್ಪತ್ತೆಂಟು ವರ್ಷ ನಿಂತ ಕಿವಿಗಳಿವು. ಇವಕ್ಕೆ ಮೊಮ್ಮಗಳ ಮಾತು ಕೇಳಿಸುವುದಿಲ್ಲ, ಬಸ್ಸಿನ ಹಾರನ್ ಕೇಳಿಸುವುದಿಲ್ಲ, ರೇಡಿಯೋ ವಾರ್ತೆ ಕೇಳಿಸುವುದಿಲ್ಲ. ಸಲೀಸಾಗಿ ಕೇಳಿಸುವುದು ಗೂಳಿಗಪ್ಪೆಯ ಕೂಗು ಒಂದೇ. ಅದರ ದಪ್ಪ ದನಿ ಕಿವಿಯ ದಾರಿಯನ್ನೇ ಹಿಡಿಯದೆ ನೇರ ಎದೆಗೆ ಬಂದು ಇಳಿಯುತ್ತದೆ. ವರ್ಷಕ್ಕೆ ಹತ್ತು ಹನ್ನೆರಡು ದಿನ, ಮೊದಲ ಮಳೆಗಳಲ್ಲಿ, ಗಂಡುಕಪ್ಪೆಗಳು ಅರಿಶಿನ ಹಚ್ಚಿಸಿಕೊಂಡ ಮದುಮಕ್ಕಳ ಹಾಗೆ ಮೈಯೆಲ್ಲ ಹಳದಿಯಾಗಿ, ಗಂಟಲಿನ ಎರಡೂ ಕಡೆ ನೀಲಿ ಚೀಲ ಊದಿಸಿಕೊಂಡು ಹೆಣ್ಣನ್ನು ಕರೆಯುತ್ತವೆ. ಆ ಹತ್ತು ಹನ್ನೆರಡು ದಿನ ನಾನೂ ಕಿವಿಯುಳ್ಳ ಮನುಷ್ಯ.

ಈ ವರ್ಷ ಮೂರು ದಿನ ಕೂತೆ. ಒಂದೂ ಕೂಗಲಿಲ್ಲ. ಇದ್ದಬದ್ದ ಕಿವಿಯೂ ಹೋಯಿತೆಂದು ಹೆದರಿ ಪಕ್ಕದ ಮನೆಯ ವೆಂಕಟರತ್ನಮ್ಮನನ್ನು ಕರೆಸಿದೆ. ಆಕೆ ನನ್ನ ಕಿವಿಗೇ ಬಾಯಿಟ್ಟು, ಕೆ.ಜಿ.ಎಫ್.ವರೆಗೂ ಕೇಳುವ ಹಾಗೆ, "ಕಪ್ಪೆ ಎಲ್ಲೈತೆ ಮಾವಾ? ಓದ್ವರ್ಸ ನಿಮ್ ಬಾವ್ನೋರು ಗೋಣಿಚೀಲಕ್ಕೆ ತುಂಬ್ಕಂಡು ಓದ್ರಲ್ಲ!" ಎಂದಳು.

ಹೌದು, ತುಂಬಿಕೊಂಡು ಹೋದಿರಿ. ಕಾಲು ಕತ್ತರಿಸಿ, ಐಸಿನಲ್ಲಿಟ್ಟು, ಮದ್ರಾಸಿನ ರೈಲಿಗೆ ಹಾಕಿ, ಯಾವುದೋ ದೇಶದ ದೊರೆಗಳ ತಟ್ಟೆಗೆ ಕಳಿಸಿದಿರಿ. ಕುಂಟೆ ತಮ್ಮ ಜಮೀನಿನಲ್ಲಿದೆ. ಕಾನೂನಿನಲ್ಲಿ ನನಗೆ ದಾರಿಯಿಲ್ಲ ಎಂದು ಕೋಲಾರದ ವಕೀಲರೊಬ್ಬರು ಚೀಟಿಯಲ್ಲಿ ಬರೆದು ತೋರಿಸಿದರು. ಆದ್ದರಿಂದ ಸೇಡು ತೀರಿಸಿಕೊಳ್ಳುವುದೆಂದು ತೀರ್ಮಾನಿಸಿದ್ದೇನೆ. ಹೇಗೆಂಬುದು ಇನ್ನೂ ಹೊಳೆದಿಲ್ಲ.

ತಮ್ಮ ಪೂರ್ತಿ ನಾಶವನ್ನಲ್ಲದಿದ್ದರೂ ಮುಕ್ಕಾಲು ನಾಶವನ್ನು ಬಯಸುವ,
ಭಾಮೈದ ಸೊಣ್ಣಪ್ಪ


ಬಂಗಾರಪೇಟೆ
೨೨-೬-೧೯೮೬

ಸೊಣ್ಣಪ್ಪನಿಗೆ ರಾಮಚಂದ್ರಪ್ಪನ ಆಶೀರ್ವಾದ, ನಿನಗೆ ಬೇಡದಿದ್ದರೂ.

ನಾನೇ ಬಸ್ಸು ಹತ್ತಿ ಬಂದು ಬೈಯಬಹುದಾಗಿತ್ತು. ಬೈದರೆ ನಿನಗೆ ಕೇಳಿಸುವುದಿಲ್ಲ, ಸುಮ್ಮನೆ ನನ್ನ ಗಂಟಲು ನೋವು. ಹಾಗಾಗಿ ಒಂದು ಇನ್‌ಲ್ಯಾಂಡ್ ದಂಡ ಮಾಡಿದ್ದೇನೆ.

ಅಲ್ಲವಯ್ಯಾ, ಕಪ್ಪೆ ನಿನಗೇನು ದಾಯಾದಿಯೇ? ಅದು ಇಲ್ಲವೆಂದು ಹಾವು ಗೋಳಾಡಿದರೆ ಅರ್ಥವಿದೆ. ಅರವತ್ತರ ಮನುಷ್ಯ ಮಳೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಜನ ಏನೆಂದುಕೊಳ್ಳಬೇಕು? ಯಾರದೋ ಮನೆ ಜಪ್ತಿಯಾಗಿದೆ ಎಂದುಕೊಳ್ಳುತ್ತಾರೆ.

ಇನ್ನೊಂದು ಮಾತು ಕೇಳು, ಅಂದರೆ ಓದು. ಕಪ್ಪೆ ಮುಗಿದ ಕುಂಟೆಯಿಂದ ನನಗೆ ಉಪಯೋಗವಿಲ್ಲ. ಬರುವ ವರ್ಷ ಕಟ್ಟೆ ಒಡೆದು, ಮಣ್ಣನ್ನು ಇಟ್ಟಿಗೆ ಗೂಡಿನವರಿಗೆ ಕೊಟ್ಟು, ನೆಲ ಮಟ್ಟ ಮಾಡಿ ಹಿಪ್ಪುನೇರಳೆ ಹಾಕಿಸುತ್ತೇನೆ. ಆಗ ನೀನು ಕುರ್ಚಿ ಹಾಕಿಕೊಂಡು ರೇಷ್ಮೆಹುಳು ಎಲೆ ತಿನ್ನುವ ಸದ್ದು ಕೇಳುತ್ತ ಕೂರು.

ನಿನ್ನ ಕಾಗದ ಓದಿ ನಿನ್ನ ಅಕ್ಕ ನಕ್ಕಳು. ಯಾರನ್ನು ನೋಡಿ ನಕ್ಕಳೋ ಹೇಳಲಿಲ್ಲ.

ಇಂತಿ, ಇನ್ನೂ ನಾಶವಾಗದ,
ರಾಮಚಂದ್ರಪ್ಪ


ಎರ್ರಗುಟ್ಟಹಳ್ಳಿ
೨-೯-೧೯೮೬

ಪೂಜ್ಯ ಭಾವನವರಿಗೆ ಸೊಣ್ಣಪ್ಪನ ಸಾಷ್ಟಾಂಗ ನಮಸ್ಕಾರ. ಈ ಸಲ ನಿಜವಾದ ಸಾಷ್ಟಾಂಗ.

ಜೂನ್‌ನಿಂದ ಒಂದು ಹನಿ ಬಿದ್ದಿಲ್ಲ. ರಾಗಿ ಸುಟ್ಟುಹೋಗಿದೆ. ಕಡಲೆಕಾಯಿಯನ್ನು ಕಂಬಳಿಹುಳು ತಿಂದು ಮುಗಿಸಿತು. ಆ ಹುಳುವನ್ನು ತಿನ್ನಬೇಕಾದವರು ವಿದೇಶಕ್ಕೆ ಹೋದದ್ದರಿಂದ ಕೇಳುವವರಿರಲಿಲ್ಲ. ಊರವರೆಲ್ಲ ಸೇರಿ ಕಪ್ಪೆ ಮದುವೆ ಮಾಡಿಸುವುದೆಂದು ಮಾತಾಡಿದರು.

ಮೊದಲೆಲ್ಲ ಕಪ್ಪೆ ಮದುವೆಗೆ ಹೆಣ್ಣು ಹುಡುಕುವುದೆಂದರೆ ಚೊಂಬು ತೆಗೆದುಕೊಂಡು ಹೊರಗೆ ಹೋಗಿ ಬರುವಷ್ಟರ ಕೆಲಸ. ಈ ಸಲ ಇಡೀ ಊರು ನಾಲ್ಕು ದಿನ ಹುಡುಕಿತು. ನಾಲ್ಕನೆಯ ದಿನ ತಮ್ಮ ಕುಂಟೆಯ ಕಟ್ಟೆಯ ಬುಡದಲ್ಲಿ, ಮೊಳದಾಳದ ಕೆಸರಿನಲ್ಲಿ, ಒಬ್ಬಳು ಸಿಕ್ಕಳು. ದುಂಡಗೆ, ಲಕ್ಷಣವಾಗಿದ್ದಾಳೆ. ವರ ನಮ್ಮ ಬಚ್ಚಲ ಹಿಂದಿನ ಕೊಚ್ಚೆಯವನು, ಮನೆತನ ಅಷ್ಟಕ್ಕಷ್ಟೆ.

ನಮ್ಮೂರ ಕ್ರಮ ತಮಗೆ ನೆನಪಿರಬಹುದು. ಯಾರ ನೀರಿನಲ್ಲಿ ಹೆಣ್ಣು ಸಿಕ್ಕಿತೋ ಅವರೇ ತಂದೆಯ ಸ್ಥಾನದಲ್ಲಿ ನಿಂತು ಧಾರೆ ಎರೆಯಬೇಕು. ಅಂದರೆ ತಾವು ಹೆಣ್ಣಿನ ಕಡೆ, ನಾನು ಗಂಡಿನ ಕಡೆ. ಭಾವ ಭಾಮೈದ ಆಗಿದ್ದವರು ಬೀಗರೂ ಆಗುತ್ತೇವೆ.

ಮಂಡಲ ಪಂಚಾಯ್ತಿಗೆ ಚುನಾವಣೆ ಬರುತ್ತದಂತೆ, ನಮ್ಮೂರಿಂದ ತಾವು ನಿಲ್ಲುತ್ತೀರಂತೆ. ಹೆಣ್ಣಿನ ತಂದೆ ಮದುವೆಗೇ ಬರದಿದ್ದರೆ ಓಟು ಹಾಕುವ ಜನ ಏನೆಂದಾರು? ನನಗೇನೂ ಇಲ್ಲ, ಸುಮ್ಮನೆ ಹೇಳಿದೆ. ಸೇಡಿನ ವಿಷಯವನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಬರುವ ಭಾನುವಾರ ಬೆಳಗ್ಗೆ ಲಗ್ನ.

ತಮ್ಮ ಆಗಮನಾಕಾಂಕ್ಷಿ,
ಸೊಣ್ಣಪ್ಪ (ವರನ ತಂದೆ)


ಎರ್ರಗುಟ್ಟಹಳ್ಳಿ
೨-೯-೧೯೮೬

ಅಕ್ಕಾ,

ಈ ಚೀಟಿಯನ್ನು ವೆಂಕಟರತ್ನಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಭಾವ ಫ್ಯಾಕ್ಟರಿಗೆ ಹೋದ ಮೇಲೆ ಓದು.

ಸೇಡನ್ನು ಬದಿಗಿಟ್ಟಿದ್ದೇನೆಂದು ಅವರಿಗೆ ಬರೆದಿದ್ದೇನೆ. ಬದಿಗೆಂದರೆ ಕೈ ಚಾಚಿದರೆ ಸಿಗುವಷ್ಟು ಬದಿಗೆ. ಅವರು ಈ ಮದುವೆಗೆ ಬರಬೇಕು. ಬಂದರೆ ಸಾಲದು, ಮೆರೆಯಬೇಕು. ಲಗ್ನಪತ್ರಿಕೆ ಅಚ್ಚು ಹಾಕಿಸಿ, ಹೆಣ್ಣಿನ ತಂದೆಯೆಂದು ತಮ್ಮ ಹೆಸರು ದಪ್ಪಕ್ಷರದಲ್ಲಿ ಹಾಕಿಸಿಕೊಳ್ಳುವ ಯೋಚನೆಯನ್ನು ಅವರ ತಲೆಗೆ ಹಾಕು. ಅಲ್ಲಿ ಭಾಷಣ ಮಾಡೇ ಮಾಡುತ್ತಾರೆ. ಆಮೇಲೆ, "ಪಾಪ ನಮ್ಮ ಸೊಣ್ಣನಿಗೆ ಒಂದಕ್ಷರ ಕೇಳಿಸಲಿಲ್ಲ, ಬರೆದು ಕಳಿಸಿ" ಎಂದು ಹೇಳು. ಸಹಿ ಇರಲಿ.

ಧಾರೆ ಎರೆದು ಕೊಟ್ಟ ಮಗಳ ತವರಿಗೆ ನಮ್ಮ ಕಡೆ ಯಾರು ತಾನೇ ಗುದ್ದಲಿ ಹಾಕುತ್ತಾರೆ?

ಸೊಣ್ಣ


ಬಂಗಾರಪೇಟೆ
೪-೯-೧೯೮೬

ಸೊಣ್ಣಾ,

ಪತ್ರಿಕೆಯ ವಿಷಯ ನಾನು ಬಾಯಿ ಬಿಡುವ ಮೊದಲೇ ಅವರು ಪ್ರೆಸ್ಸಿಗೆ ಹೋಗಿಬಂದರು. ಮೇಲುಗಡೆ ಗಣೇಶ, ಕೆಳಗೆ "ಕನ್ಯಾಪಿತೃ". ನಾನು ಒಲೆ ಮುಂದೆ ಕೂತು ಕೇಳಿಸಿಕೊಂಡೆ, ಅಷ್ಟೇ ನನ್ನ ಪಾಲು. ಭಾಷಣದ್ದು ನನಗೆ ಬಿಡು.

ಹೋದ ವರ್ಷ ಮೂರು ದಿನ ಆ ಕಪ್ಪೆಗಳನ್ನು ನಮ್ಮ ಹಿತ್ತಲಲ್ಲೇ ಕತ್ತರಿಸಿದರು. ಕಾಲು ಹೋದ ಮೇಲೂ ಅವು ಕಣ್ಣು ಬಿಟ್ಟುಕೊಂಡೇ ಇದ್ದವು. ಬೇಡ ಅಂದದ್ದಕ್ಕೆ "ಒಳಗೋಗು" ಅಂದರು. ನಾನೂ ಮರೆತಿಲ್ಲ.

ಅಮ್ಮಾಜಿ


ಬಂಗಾರಪೇಟೆ
೨೦-೯-೧೯೮೬

ಬೀಗರಾದ ಸೊಣ್ಣಪ್ಪನಿಗೆ,

ಒಪ್ಪಿಕೋ! ಏಳನೆಯ ತಾರೀಕು ನಾನು ಧಾರೆ ಎರೆದೆ, ಹದಿನಾರಕ್ಕೆ ಕುಂಟೆ ಅರ್ಧ ತುಂಬಿತು. ಕ್ಯಾಸಂಬಳ್ಳಿ ಸಂತೆಯಲ್ಲಿ ನನ್ನನ್ನು "ಮಳೆ ರಾಮಚಂದ್ರಪ್ಪ" ಎನ್ನುತ್ತಿದ್ದಾರಂತೆ. ಧಾರೆಯ ಹೊತ್ತಿಗೆ ನನ್ನ ಮಗಳು ಒಂದು ಸಲ ಕೂಗಿದಳಲ್ಲ, ಅದು ನಿನಗೆ ಕೇಳಿಸಿತೋ ಇಲ್ಲವೋ.

ನನ್ನ ಭಾಷಣವಂತೂ ಕೇಳಿಸಿರಲಾರದು. ನಿನ್ನ ಅಕ್ಕ ಮೂರು ದಿನದಿಂದ ಒಂದೇ ಸಮನೆ, ಬರೆದು ಕಳಿಸಿ, ಬರೆದು ಕಳಿಸಿ ಎನ್ನುತ್ತಿದ್ದಾಳೆ. ಅವಳಿಗೆ ನನ್ನ ಮಾತಿನ ಮೇಲೆ ಇಷ್ಟು ಅಭಿಮಾನವಿದೆಯೆಂದು ನಲವತ್ತು ವರ್ಷದಲ್ಲಿ ಗೊತ್ತಾಗಿರಲಿಲ್ಲ. ಆದ್ದರಿಂದ ಬರೆಯುತ್ತೇನೆ:

"ಮಹಾಜನಗಳೇ! ಈಕೆ ಇಂದಿನಿಂದ ನನ್ನ ಮಗಳು. ಈ ಕುಂಟೆ ಈಕೆಯ ತವರುಮನೆ. ನನ್ನ ಉಸಿರಿರುವ ತನಕ ನನ್ನ ಮಗಳ ತವರಿಗೆ ಒಂದು ಗುದ್ದಲಿ ಏಟು ಬೀಳಗೊಡುವುದಿಲ್ಲ. ಈಕೆಯ ಬಂಧುಬಳಗದ ಮೇಲೆ ಕೈ ಮಾಡಿದವನು ನನ್ನ ಮೇಲೆ ಕೈ ಮಾಡಿದ ಹಾಗೆ!"

ಇಲ್ಲಿ ಚಪ್ಪಾಳೆ. ವೆಂಕಟರತ್ನಮ್ಮ ಕಣ್ಣೊರೆಸಿಕೊಂಡಳು. ಮುಂದೆ ನಿನ್ನ ಮೊಮ್ಮಕ್ಕಳು ಓದಲೆಂದು ಕೆಳಗೆ ಪೂರ್ತಿ ಸಹಿ ಮಾಡಿದ್ದೇನೆ.

ಎನ್. ರಾಮಚಂದ್ರಪ್ಪ, ಕನ್ಯಾಪಿತೃ


ಎರ್ರಗುಟ್ಟಹಳ್ಳಿ
೨-೨-೧೯೮೭

ಮಂಡಲ ಪಂಚಾಯ್ತಿಯ ಸನ್ಮಾನ್ಯ ಸದಸ್ಯರಾದ ಭಾವನವರಿಗೆ,

ತಾವು ಗೆದ್ದ ಸಂತೋಷಕ್ಕೆ ನಮ್ಮ ಬೀದಿಯಲ್ಲಿ ಬೆಲ್ಲ ಹಂಚಿದವನು ನಾನೇ. ಹದಿನೈದು ದಿನ ತಮ್ಮ ಪರವಾಗಿ ಮನೆಮನೆ ತಿರುಗಿದೆ. ಒಬ್ಬರೂ ನನ್ನ ಜೊತೆ ವಾದ ಮಾಡಲಿಲ್ಲ, ಮಾಡಿದರೂ ಗೊತ್ತಾಗುತ್ತಿರಲಿಲ್ಲ. ನನ್ನ ಓಟೂ ತಮಗೇ. ಸೇಡು ತೀರಿಸಿಕೊಳ್ಳುವವನು ಹೀಗೇಕೆ ಮಾಡಿದನೆಂದು ಯೋಚನೆ ಮಾಡಬೇಡಿ, ನಿದ್ದೆ ಕೆಡುತ್ತದೆ.

ಒಂದು ಸಣ್ಣ ತಿದ್ದುಪಡಿ. ಕಪ್ಪೆಯಲ್ಲಿ ಜೋರಾಗಿ ಕೂಗುವುದು ಗಂಡು. ಅಂದು ಕೂಗಿದ್ದು ತಮ್ಮ ಮಗಳಲ್ಲ, ನನ್ನ ಮಗ. ತಮ್ಮ ಭಾಷಣ ಭದ್ರವಾಗಿ ನನ್ನ ಟ್ರಂಕಿನಲ್ಲಿದೆ.

ಸೊಣ್ಣಪ್ಪ


ಬಂಗಾರಪೇಟೆ
೧೧-೫-೧೯೮೭

ಸೊಣ್ಣಪ್ಪಾ,

ಪೇಪರ್ ನೋಡಿರುತ್ತೀಯ. ಕಪ್ಪೆಕಾಲನ್ನು ಹೊರದೇಶಕ್ಕೆ ಕಳಿಸಬಾರದೆಂದು ಡೆಲ್ಲಿಯವರು ನಿಲ್ಲಿಸಿಬಿಟ್ಟಿದ್ದಾರೆ. ಕುಣಿದಾಡಬೇಡ. ಕಪ್ಪೆ ಹೋದರೆ ಮಣ್ಣಿದೆ. ಹೋದ ವರ್ಷ ಹೇಳಿದ್ದನ್ನು ಈ ವರ್ಷ ಮಾಡುತ್ತಿದ್ದೇನೆ. ಬರುವ ಸೋಮವಾರ, ಹದಿನೆಂಟಕ್ಕೆ, ಇಟ್ಟಿಗೆ ಗೂಡಿನ ಟ್ರ್ಯಾಕ್ಟರ್ ಬಂದು ಕಟ್ಟೆ ಒಡೆಯುತ್ತದೆ. ಮಳೆ ಬಂದರೆ ನೆಲ ಹದಗೆಡುತ್ತದೆ, ಅದಕ್ಕೇ ಅವಸರ.

ಮದುವೆ ಗಿದುವೆ ಎಂದು ಹಳೇ ಪುರಾಣ ತೆಗೆಯಬೇಡ. ಅದು ಮಳೆಗೋಸ್ಕರ ಆಡಿದ ಆಟ. ಕುರ್ಚಿ ತೆಗೆದುಕೊಂಡು ದೂರ ಕೂರು.

ರಾಮಚಂದ್ರಪ್ಪ


ಎರ್ರಗುಟ್ಟಹಳ್ಳಿ
೧೯-೫-೧೯೮೭

ಬೀಗರಿಗೆ,

ತಾವು ನಿನ್ನೆ ಫ್ಯಾಕ್ಟರಿಯಲ್ಲಿದ್ದಿರಂತೆ. ಇಲ್ಲಿ ನಡೆದದ್ದನ್ನು ತಿಳಿಸುವುದು ನನ್ನ ಧರ್ಮ.

ಬೆಳಗ್ಗೆ ಒಂಬತ್ತಕ್ಕೆ ಟ್ರ್ಯಾಕ್ಟರ್ ಬಂತು. ನಾನು ಆಜ್ಞೆಯ ಪ್ರಕಾರ ದೂರವೇ ಕೂತೆ. ಆದರೆ ಹಿಂದಿನ ಸಂಜೆ ಅರಳೀಕಟ್ಟೆಯಲ್ಲಿ ತಮ್ಮ ಭಾಷಣವನ್ನು, ತಮ್ಮದೇ ಅಕ್ಷರದಲ್ಲಿದ್ದದ್ದನ್ನು, ವೆಂಕಟರತ್ನಮ್ಮನ ಕೈಯಲ್ಲಿ ಓದಿಸಿದ್ದೆ. ಆಕೆ ಓದಿದ್ದು ನನಗೂ ಅರ್ಧ ಕೇಳಿಸಿತು ಎಂದಮೇಲೆ ಊರಿಗೆ ಪೂರ್ತಿ ಕೇಳಿಸಿರಬೇಕು. ಹಾಗಾಗಿ ಟ್ರ್ಯಾಕ್ಟರ್ ಬರುವಷ್ಟರಲ್ಲಿ ಕಟ್ಟೆಯ ಮೇಲೆ ನಲವತ್ತು ಹೆಂಗಸರು ಮಡಿಲಕ್ಕಿ, ಬಳೆ, ಅರಿಶಿನ ಕುಂಕುಮದ ತಟ್ಟೆ ಹಿಡಿದು ಕೂತಿದ್ದರು. ಅಲ್ಲಿ ನಡೆದ ಮಾತನ್ನು ಆಮೇಲೆ ಆಕೆಯೇ ನನಗೆ ಕೂಗಿ ಹೇಳಿದಳು.

"ಏನ್ ಕೆಲ್ಸಕ್ಕೆ ಬಂದೆಯಪ್ಪ?"

"ಕಟ್ಟೆ ಒಡೀಬೇಕಮ್ಮ. ಮೆಂಬರ್ ಹೇಳವ್ರೆ."

"ಮೆಂಬರ್ ಮಗ್ಳ ತವ್ರುಮನೆ ಇದು. ಮಗ್ಳು ಬಾಣಂತನಕ್ಕೆ ಬರೋ ಒತ್ನಾಗೆ ಮನೆ ಕೆಡವ್ತೀಯಾ? ನಿಂಗೂ ಎಣ್ಮಕ್ಳವ್ರೆ ತಾನೆ?"

ಡ್ರೈವರ್ ಕೋರಮಂಡಲ್ ಕಡೆಯ ತಮಿಳಿನವನು. ಲಗ್ನಪತ್ರಿಕೆ ತೋರಿಸಿದರು. ಗಣೇಶನಿಗೆ ಕೈ ಮುಗಿದು, "ಪೊಣ್ಣು ವೀಡಾ? ಅಯ್ಯೋ, ಎನಕ್ಕು ವೇಣಾಂಮ್ಮಾ!" ಎಂದು, ಹೆಣ್ಣಿನ ಮನೆಯ ತಂಟೆ ತನಗೆ ಬೇಡವೆಂದು, ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದ. ಗೂಡಿನ ಮಾಲೀಕನೂ ಇನ್ನು ಈ ಮಣ್ಣು ಮುಟ್ಟುವುದಿಲ್ಲವಂತೆ. ಮನೆ ಕಟ್ಟುವ ಇಟ್ಟಿಗೆಗೆ ಹೆಣ್ಣಿನ ಶಾಪ ತಗುಲಿದರೆ ಕೊಳ್ಳುವವರು ಯಾರು?

ಈಗ ಊರಿನ ಕೇಳಿಕೆ ಕೇಳಿ. ತವರಿನ ಗೋಡೆ, ಅಂದರೆ ಕಟ್ಟೆ, ಎರಡು ಕಡೆ ಬಿರುಕು ಬಿಟ್ಟಿದೆ. ಮಳೆಗೆ ಮುಂಚೆ ತಂದೆಯಾದವರು ಭದ್ರ ಮಾಡಿಸಬೇಕು. ಬಲೆ, ಚೀಲ ಹಿಡಿದು ಯಾರೂ ಇಳಿಯದ ಹಾಗೆ ಸುತ್ತ ಕತ್ತಾಳೆ ಬೇಲಿ ಹಾಕಿಸಬೇಕು. ಮರಿಗಳು ಬಾಲ ಕಳಚಿ ಹೊರಡುವ ತನಕ ನೀರೆತ್ತಬಾರದು. ಮೊದಲ ಮಳೆಗೆ ಬಂದು ಮಗಳನ್ನು ವಿಚಾರಿಸಬೇಕು.

ತಮ್ಮನ್ನು ಸೋಲಿಸುವುದು ಸುಲಭವಿತ್ತು, ಭಾವ. ಸೋತಿದ್ದರೆ ಬಂಗಾರಪೇಟೆಯಲ್ಲಿ ಬಾಗಿಲು ಹಾಕಿಕೊಂಡು, ಊರಿಗೆ ಬೆನ್ನು ತೋರಿಸಿ, ಕಟ್ಟೆ ಒಡೆಸುತ್ತಿದ್ದಿರಿ. ಗೆದ್ದವರು ಇನ್ನು ಐದು ವರ್ಷ ಇದೇ ಜನದ ಮುಖ ನೋಡಬೇಕು. ಅದಕ್ಕೇ ಗೆಲ್ಲಿಸಿದೆ.

ತಮ್ಮ ಸೇವೆಯಲ್ಲಿ ಸಂತುಷ್ಟನಾದ,
ಸೊಣ್ಣಪ್ಪ


ಬಂಗಾರಪೇಟೆ
೨-೭-೧೯೮೭

ಸೊಣ್ಣಪ್ಪನಿಗೆ,

ಕಟ್ಟೆ ಕಟ್ಟಿಸಿದೆ, ಬೇಲಿ ಹಾಕಿಸಿದೆ. ಅದು ನಿನಗೆ ಗೊತ್ತು. ಮೊನ್ನೆ ಇಪ್ಪತ್ತೆಂಟಕ್ಕೆ ಮಳೆ ಬಂದಾಗ ಊರವರು ಹೇಳಿ ಕಳಿಸಿದರೆಂದು ಕೊಡೆ ಹಿಡಿದು ಬಂದೆ. ಅದೂ ಗೊತ್ತು. ನಿನ್ನ ಎದುರಿಗೆ ಹೇಳಿದ್ದು ನಿನಗೆ ಕೇಳಿಸಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನಿನ್ನ ಕುರ್ಚಿಯ ಪಕ್ಕ ಕಲ್ಲಿನ ಮೇಲೆ ಕೂತಾಗ ಕಪ್ಪೆಗಳು ಆಗಲೇ ಶುರು ಮಾಡಿದ್ದವು. ನೀನು ಕಿವಿಗೆ ಕೈ ಅಡ್ಡ ಹಿಡಿದು, ಶೂನ್ಯ ಮುಖ ಮಾಡಿಕೊಂಡು, "ಕೂಗ್ತೈತಾ ಬಾವಾ?" ಎಂದೆ.

"ಕೂಗ್ತೈತೆ ಕಣಯ್ಯಾ!"

"ಆಂ?"

ನಾನು ಕಿವಿಗೆ ಬಾಯಿಟ್ಟು ಕಿರುಚಿದೆ, ನೀನು ಮತ್ತೆ "ಆಂ?" ಎಂದೆ. ಆಮೇಲೆ ನಿನ್ನ ಕಣ್ಣಲ್ಲಿ ನೀರು ಬಂತು. ಆಗ ನನಗೆ ಏನು ತೋಚಿತೋ, ಒಂದೊಂದು ಕೂಗಿಗೂ ನಿನ್ನ ತೊಡೆಯ ಮೇಲೆ ಬೆರಳಿಂದ ತಟ್ಟತೊಡಗಿದೆ. ದೊಡ್ಡ ದನಿಗೆ ಜೋರಾಗಿ, ಸಣ್ಣದಕ್ಕೆ ಮೆಲ್ಲಗೆ. ಸಾಕೇ ಎಂದರೆ ನೀನು ಮತ್ತೆ "ಆಂ?" ಎಂದೆ. ಎರಡು ಗಂಟೆ ಹೊತ್ತು ತಟ್ಟಿದೆ. ಬೆರಳು ಊದಿಕೊಂಡು ಈ ಕಾಗದವನ್ನು ಎಡಗೈಯಲ್ಲಿ ಬರೆದ ಹಾಗೆ ಬರೆಯುತ್ತಿದ್ದೇನೆ.

ಇಷ್ಟು ವರ್ಷ ನಾನು ಕಪ್ಪೆಯನ್ನು ಪೂರ್ತಿ ಕೇಳಿದ್ದೇ ಇಲ್ಲ. ಎಲ್ಲಿ ಕೂಗುತ್ತದೋ ಅಲ್ಲಿಗೆ ಚೀಲ ಹಿಡಿದು ಆಳು ಕಳಿಸುವುದು, ಅಷ್ಟಕ್ಕೆ ಮಾತ್ರ ಕೇಳುತ್ತಿದ್ದೆ.

ಹೋದ ವರ್ಷ ನಿನಗೆ ಕಿವಿ ಇತ್ತು, ಕಪ್ಪೆ ಇರಲಿಲ್ಲ. ಈ ವರ್ಷ ಕಪ್ಪೆ ಇದೆ. ಕಟ್ಟೆಯನ್ನಾದರೆ ಕಟ್ಟಿಸಿ ಕೊಡಬಹುದು. ಇದನ್ನು ನಾನು ಏನು ಮಾಡಲಿ?

ಮುಂದಿನ ಮಳೆಗೆ ಬರುತ್ತೇನೆ. ಯಾರೂ ಹೇಳಿ ಕಳಿಸಬೇಕಾಗಿಲ್ಲ.

ರಾಮಚಂದ್ರಪ್ಪ


ಎರ್ರಗುಟ್ಟಹಳ್ಳಿ
೯-೭-೧೯೮೭

ಅಕ್ಕಾ,

ಇದನ್ನು ಓದಿದ ಕೂಡಲೇ ಒಲೆಗೆ ಹಾಕು.

ಭಾವ ಎರಡು ಹೊತ್ತು ಸರಿಯಾಗಿ ಊಟ ಮಾಡಲಿಲ್ಲವೆಂದು ವೆಂಕಟರತ್ನಮ್ಮನ ಹತ್ತಿರ ಹೇಳಿ ಕಳಿಸಿದ್ದೀಯ. ಬೆರಳಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚು. ಮನಸ್ಸಿಗೆ ಏನೂ ಹಚ್ಚಬೇಡ, ಹಾಗೇ ಇರಲಿ.

ಅಂದು ನಾನು ಕಟ್ಟೆಯ ಮೇಲೆ ಕುರ್ಚಿ ಇಡುವುದಕ್ಕೂ ಮೊದಲೇ ಒಂದು ಕೂಗು ಎದೆಗೆ ಬಡಿಯಿತು. ಎಂದಿನ ಹಾಗೇ, ದಪ್ಪಗೆ. ಕುರ್ಚಿ ಇಳಿಸುವುದನ್ನೂ ಮರೆತು ಹೊತ್ತುಕೊಂಡೇ ನಿಂತಿದ್ದೆ. ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. ಭಾವ ತಿಳಿದ ಕಾರಣ ಮಾತ್ರ ಸುಳ್ಳು.

ಅವರು ಕಿರುಚಿದ್ದು ಕೂಡ ಕೇಳಿಸಿತು. ಆ ದನಿಗೆ ಕಲ್ಲಿಗೂ ಕಿವಿ ಬಂದೀತು. ಎಲ್ಲ ಹೇಳಿಬಿಡೋಣ ಎನಿಸಿತ್ತು. ಅಷ್ಟರಲ್ಲಿ ತಟ್ಟಲು ಶುರು ಮಾಡಿದರು. ಸನ್ಮಾನ್ಯ ಸದಸ್ಯರು ಮಳೆಯಲ್ಲಿ ನೆನೆಯುತ್ತ, ಕಪ್ಪೆಯ ಬಾಯನ್ನೇ ನೋಡುತ್ತ, ನನ್ನ ತೊಡೆಗೆ ತಾಳ ಹಾಕುತ್ತಿದ್ದರೆ ತಡೆಯಲು ನನಗೆ ಮನಸ್ಸಾದರೂ ಹೇಗೆ ಬರಬೇಕು?

ನಾಲ್ಕು ಗಂಡುಕಪ್ಪೆಗಳಿಗೆ ಸರಿಯಾಗಿ ತಟ್ಟಿದರು. ಐದನೆಯದು ಒಂದಿತ್ತು, ಆಚೆ ದಡದ ಜೊಂಡಿನಲ್ಲಿ, ಗಂಟಲು ಕಟ್ಟಿದ ಹಾಗೆ ಕೂಗುವಂಥದ್ದು. ಅದು ಭಾವನಿಗೆ ಕೇಳಿಸಲೇ ಇಲ್ಲ.

ಅವರಿಗೆ ಏನೂ ಹೇಳಬೇಡ. ಬರುವ ವರ್ಷವೂ ಬಂದು ತಟ್ಟಲಿ, ಅದರಾಚೆಯ ವರ್ಷವೂ. ಐದನೆಯದಕ್ಕೆ ಬೆರಳು ಯಾವತ್ತು ಏಳುತ್ತದೋ ಅವತ್ತು ನನ್ನ ಸೇಡು ಮುಗಿಯಿತು.

ಸೊಣ್ಣ